ಫೈಬರ್ ತುದಿಗೆ ಬೆಳ್ಳಿ ಹತ್ತಿಸಿದ ನನ್ನ ಅನುಭವ

ಒಂದು ಲೀಟರ್ ನೀರಿನಲ್ಲಿ ಕಾಲು ಮಿಲಿಗ್ರಾಂ ಥೈರಮ್ (ಬೆಳೆಗೆ ಬಳಸುವ ಶಿಲೀಂಧ್ರನಾಶಕ) ಇದ್ದರೂ ಈಗ ನನ್ನ ಫೈಬರ್, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆ, ಅದನ್ನು ಹಿಡಿಯುತ್ತದೆ. ಇದನ್ನು ಮಾಡಿದ್ದು ವಿಜಯಪುರದ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ. "ಸರ, ಇದು ನಮ್ಮ ಕಡೆ ಆಗೂದಲ್ಲ ಬಿಡ್ರಿ, ಬೆಂಗಳೂರಾಗ ಮಾಡ್ಲಿ" ಅಂದವರೇ ಜಾಸ್ತಿ. ಈಗ ಅವರೇ ಗ್ರಾಫಿನಲ್ಲಿ ಥೈರಮ್‌ನ ಗುರುತಾಗಿ ಏಳುವ ಪೀಕ್ ನೋಡಲು ಬರುತ್ತಾರೆ.

ಇದರ ಹಿಂದಿರುವುದು ಸರ್ಸ್ (SERS): ಲೇಸರ್ ಬಿದ್ದಾಗ ಅಣುಗಳು ಚದುರಿಸುವ, ಬಣ್ಣ ಬದಲಾದ ಮಂಕು ಬೆಳಕು, ಅಂದರೆ ರಾಮನ್ ಸಿಗ್ನಲ್, ಒರಟು ಬೆಳ್ಳಿಯ ಮೇಲೆ ಬಹಳ ಜೋರಾಗುತ್ತದೆ. ಪಿರಿಡಿನ್ ಎಂಬ ರಾಸಾಯನಿಕದಲ್ಲಿ ಇದು ಕಂಡಿದ್ದು 1974ರಲ್ಲೇ. ನನ್ನ ತಲೆನೋವು ಆ ಬೆಳ್ಳಿಯನ್ನು ಫೈಬರ್ ತುದಿಯಲ್ಲಿ ನಿಲ್ಲಿಸುವುದು.

ಮನೆ ಮನೆಗೆ ಇಂಟರ್ನೆಟ್ ಎಳೆಯುವ ಹುಡುಗರ ಹತ್ತಿರ ತುಂಡು ಕೇಬಲ್ ಪುಕ್ಕಟೆ ಸಿಗುತ್ತದೆ. ಆದರೆ ಅದು ಸಿಂಗಲ್ ಮೋಡ್, ಬೆಳಕು ಹೋಗುವ ನಡುಭಾಗ (ಕೋರ್) ಬರೀ 9 ಮೈಕ್ರಾನ್. ಲೇಸರ್ ಒಳಗೆ ಕೂರಿಸುವಷ್ಟರಲ್ಲಿ ಸಂಜೆ ಆಗುತ್ತಿತ್ತು, ವಾಪಸ್ ಬರುವ ಬೆಳಕು ಏನೇನೂ ಸಾಲುತ್ತಿರಲಿಲ್ಲ. ಕೊನೆಗೆ ಕೋರ್ 62.5 ಮೈಕ್ರಾನ್ ಇರುವ 62.5/125 ಮಲ್ಟಿಮೋಡ್ ಪ್ಯಾಚ್ ಕಾರ್ಡ್ ತರಿಸಿದೆ. ಅದೇ ಹುಡುಗರು ಫೈಬರ್ ಕಡಿಯುವ ತಮ್ಮ ಕ್ಲೀವರ್‌ನಲ್ಲಿ ತುದಿ ಕಡಿದುಕೊಟ್ಟರು. ಚಹಾ, ಮಿರ್ಚಿ ಭಜಿಯಲ್ಲಿ ಲೆಕ್ಕ ಚುಕ್ತಾ. ಹೈಡ್ರೋಫ್ಲೋರಿಕ್ ಆಸಿಡ್ ಹಾಕಿ ತುದಿ ಚೂಪು ಮಾಡುವ ದಾರಿಗೆ ನಾನು ಹೋಗಲಿಲ್ಲ. ಆ ಆಸಿಡ್ ಚರ್ಮಕ್ಕೆ ತಾಗಿದರೆ ಹಚ್ಚುವ ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಕೂಡ ಇಲ್ಲದ ಲ್ಯಾಬಿನಲ್ಲಿ ಆ ಬಾಟಲಿ ತೆರೆಯಲೇಬಾರದು. ಚಪ್ಪಟೆ ತುದಿಯೇ ಸಾಕಾಯಿತು.

ದುಡ್ಡು ಹೋಗಿದ್ದು ಕೊಲಾಯ್ಡ್‌ಗೆ, ಅಂದರೆ ನೀರಲ್ಲಿ ತೇಲುವ ಬೆಳ್ಳಿಯ ಅತಿ ಸಣ್ಣ ಕಣಗಳಿಗೆ. ಅದನ್ನು ಮಾಡುವ ಲೀ-ಮೈಸೆಲ್ ರೆಸಿಪಿ ಈ ಕೆಲಸದವರಿಗೆಲ್ಲ ಬಾಯಿಪಾಠ: 500 ಎಂಎಲ್ ನೀರಿಗೆ 90 ಮಿಲಿಗ್ರಾಂ ಸಿಲ್ವರ್ ನೈಟ್ರೇಟ್, ಕುದಿಸಿ 1% ಸಿಟ್ರೇಟ್ 10 ಎಂಎಲ್. ನಮ್ಮಲ್ಲಿ ಅದು ಒಮ್ಮೆ ಹಳದಿ, ಒಮ್ಮೆ ಬೂದಿ ಬಣ್ಣ. ಕಾರಣ ನೀರು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್‌ನಲ್ಲೂ ಕ್ಲೋರೈಡ್ ಇತ್ತು. ಈಗ ಕ್ಯಾನ್ ತಂದ ಕೂಡಲೇ ಟೆಸ್ಟ್ ಟ್ಯೂಬಿಗೆ ಒಂದಿಷ್ಟು ಸುರಿದು ಸಿಲ್ವರ್ ನೈಟ್ರೇಟಿನ ಒಂದು ಹರಳು ಹಾಕುತ್ತೇನೆ. ಹಾಲಿನ ಹಾಗೆ ಮಸುಕಾದರೆ ಕ್ಲೋರೈಡ್ ಇದೆ ಅಂತ, ಕ್ಯಾನ್ ವಾಪಸ್. ಕೊಲಾಯ್ಡ್ ಸರಿಯಾದ ಮೇಲೂ ಬೆಳ್ಳಿ ಗಾಜಿಗೆ ಅಂಟಲಿ ಅಂತ ಸಿಲೇನ್ ಎಂಬ ರಾಸಾಯನಿಕ ಹಚ್ಚಿ ಕೊಲಾಯ್ಡ್‌ನಲ್ಲಿ ಅದ್ದಿದ ತುದಿಗಳು ಒಂದರ ಹಾಗೆ ಇನ್ನೊಂದಿಲ್ಲ. ಒಂದು ಪೀಕ್ ಕೊಟ್ಟರೆ ಪಕ್ಕದ್ದು ಸುಮ್ನೆ ಗಾಜು. ಸಿಲೇನ್, ಬೆಳ್ಳಿ, ಪಾರ್ಸೆಲ್ ಎಲ್ಲಾ ಸೇರಿ ಹದಿನೈದು ಸಾವಿರದ ಹತ್ತಿರ ನೀರಲ್ಲಿ ಹೋಮ ಆಯಿತು.

ಆಮೇಲೆ ಕೊಲಾಯ್ಡ್‌ನಲ್ಲಿ ಅದ್ದುವುದನ್ನೇ ಬಿಟ್ಟೆ. ಸಿಲ್ವರ್ ನೈಟ್ರೇಟ್ ಮತ್ತು ಸಿಟ್ರೇಟ್, ಎರಡೂ ಸುಮಾರು ಒಂದು ಮಿಲಿಮೋಲಾರ್, ಸಮ ಸಮ ಬೆರೆಸಿ ಫೈಬರ್ ತುದಿ ಮುಳುಗಿಸಿದೆ. ಇನ್ನೊಂದು ತುದಿಯಿಂದ 532 ನ್ಯಾನೋಮೀಟರ್ ಹಸಿರು ಲೇಸರ್ ಬಿಟ್ಟೆ, ಐದಾರು ಮಿಲಿವ್ಯಾಟ್ ಇದ್ದೀತು. ಬೆಳಕು ಹೊರಬರುವ ಜಾಗದಲ್ಲೇ ಬೆಳ್ಳಿ ಬೆಳೆಯುತ್ತದೆ, ಅಂದರೆ ನಮಗೆ ಬೇಕಾದ ಕೋರ್ ಮೇಲೆಯೇ. ಬೀಕರಿನ ಆಚೆ ಬಿಳಿ ಹಾಳೆ ಇಡಬೇಕು. ಶುರುವಿನಲ್ಲಿ ಹಸಿರು ಚುಕ್ಕೆ ದುಂಡಗೆ ಇರುತ್ತದೆ. ಕೆಲವು ನಿಮಿಷಕ್ಕೆ ಅಂಚು ಕದಡಿ ಕಾಳು ಕಾಳಾಗುತ್ತದೆ, ಆಮೇಲೆ ಮಂಕಾಗುತ್ತದೆ. ಅರ್ಧ ಮಂಕಾದಾಗ ಎತ್ತಿಬಿಡಿ. ಇನ್ನಷ್ಟು ಬೆಳ್ಳಿ ಕೂರಲಿ ಅಂತ ಆಸೆಪಟ್ಟರೆ ತುದಿ ಕನ್ನಡಿಯಾಗುತ್ತದೆ, ಬೆಳಕು ಆಚೆ ಹೋಗಲ್ಲ. ಮುಳುಗಿಸುವ ಮೊದಲು ತುದಿಯನ್ನು ಇನ್ನೊಂದರಲ್ಲಿ ಅದ್ದಿ ತೆಗೆಯುತ್ತೇನೆ. ಅದೇನು ಅಂತ ಸದ್ಯಕ್ಕೆ ಹೇಳಲ್ಲ, ಕ್ಷಮಿಸಿ.

ಅಳೆಯುವಾಗ 785 ನ್ಯಾನೋಮೀಟರ್ ಲೇಸರ್, 10ಎಕ್ಸ್ ಆಬ್ಜೆಕ್ಟಿವ್ ಮಸೂರ. ಫೈಬರ್ ಒಂದು ಗೇಣಿಗಿಂತ ಉದ್ದ ಬೇಡ. ಉದ್ದವಾದಷ್ಟೂ ಫೈಬರಿನ ಗಾಜಾದ ಸಿಲಿಕಾದ ಸಿಗ್ನಲ್ಲಿನದೇ ಗದ್ದಲ. ಥೈರಮ್‌ನ 560ರ ಪೀಕ್ (ರಾಮನ್ ಗ್ರಾಫಿನ ಅಳತೆ, cm⁻¹) ಆ ಗದ್ದಲದಲ್ಲಿ ಮುಳುಗುತ್ತದೆ, 1380 ಮಾತ್ರ ಬಯಲಲ್ಲಿ ನಿಲ್ಲುತ್ತದೆ. ಕೆಮಿಸ್ಟ್ರಿಯ ಮೇಷ್ಟ್ರೊಬ್ಬರು ಅಲ್ಲೂ ಕೊಕ್ಕೆ ಹಾಕಿದರು: "ಅದು ನಿಮ್ಮ ಸಿಟ್ರೇಟಿಂದ ಇರಬೇಕ್ರಿ, ಅದರದೂ 1400ರ ಹತ್ರ ಬರ್ತದ." ಮಾತು ಸರಿಯೇ. ಅವರ ಎದುರೇ ಖಾಲಿ ನೀರಲ್ಲಿ ಅದೇ ತುದಿ ಇಟ್ಟೆ. ಅಗಲವಾದ ದಿಬ್ಬ ಬಂತು. ಥೈರಮ್ ಹಾಕಿದೆ, ದಿಬ್ಬದ ಎಡಕ್ಕೆ ಸೂಜಿಯಂಥ ಪೀಕ್ ಎದ್ದಿತು. ಮೇಷ್ಟ್ರು ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಂಡರು.

ತುದಿಯೊಂದಕ್ಕೆ ಬೆಳ್ಳಿ, ಫೈಬರ್ ಲೆಕ್ಕ ಹಾಕಿದರೆ ಇಪ್ಪತ್ತು ರೂಪಾಯಿ ದಾಟಲ್ಲ. ಜೇಬು ಕತ್ತರಿಸುವುದು ಲೇಸರ್ ಬೆಳಕು ತಡೆದು ರಾಮನ್ ಬೆಳಕನ್ನಷ್ಟೇ ಬಿಡುವ ಎಡ್ಜ್ ಫಿಲ್ಟರ್, ನಲವತ್ತು ಸಾವಿರದ ಮೇಲೆ. ಸ್ಪೆಕ್ಟ್ರೋಮೀಟರ್ ಕಾಲೇಜಿನದು, ಪುಣ್ಯ.

ಊರು ವಿಜಯಪುರ ಅಂದಮೇಲೆ ದ್ರಾಕ್ಷಿ ಬಿಡೋಕಾಗುತ್ತಾ? ಹಸಿ ದ್ರಾಕ್ಷಿಗೆ ನಾನೇ ಥೈರಮ್ ಹಚ್ಚಿ, ತೊಳೆದ ನೀರು ನೋಡಿದೆ. ಪೀಕ್ ಸಣ್ಣದಾದರೂ ಬಂತು. ಒಣದ್ರಾಕ್ಷಿ ಬೇರೆಯೇ ಕಥೆ. ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್‌ನಲ್ಲಿ ಅದ್ದಿ ಒಣಗಿಸಿದ್ದು, ಮೇಲೆ ಬಣ್ಣಕ್ಕೆ ಗಂಧಕದ ಹೊಗೆ. ಫ್ಲೋರೆಸೆನ್ಸ್, ಅಂದರೆ ಲೇಸರ್ ಬಿದ್ದಾಗ ವಸ್ತುವೇ ಹೊಳೆಯುವ ಬೆಳಕು, ಎಷ್ಟು ಎದ್ದಿತೆಂದರೆ ಪೀಕ್ ಹುಡುಕುವ ಮಾತೇ ಇಲ್ಲ. ತುದಿಯ ಬೆಳ್ಳಿಯೂ ಕಪ್ಪಾಯಿತು. ಗಂಧಕದ್ದೇ ಕೆಲಸ ಅಂತ ನನ್ನ ಗುಮಾನಿ. ಬೆಳ್ಳಿ ಮೇಲೆ ತೆಳ್ಳಗೆ ಚಿನ್ನ ಹತ್ತಿಸಿದರೆ ತಡೆದೀತು. ಗೋಲ್ಡ್ ಕ್ಲೋರೈಡ್ ಒಂದು ಗ್ರಾಮಿಗೆ ಎಷ್ಟು ಅಂತ ಫೋನ್ ಮಾಡಿ ಕೇಳಿದೆ. ರೇಟ್ ಕೇಳಿ, "ಆಮ್ಯಾಲ ಹೇಳ್ತೀನ್ರಿ" ಅಂತ ಇಟ್ಟೆ.