ತಗ್ಗಿದ್ದು ಎಡ ಮುಂಭಾಗ, ಕಾಯಿಲೆ ಬಲ ಹಿಂಭಾಗದಲ್ಲಿ: ಏರ್ ಸಸ್ಪೆನ್ಷನ್ ಜೊತೆ ನನ್ನ ಅನುಭವ

ಕಳೆದ ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆ, ಕೊಡಗಿನ ಸಿದ್ದಾಪುರದ ಕಡೆಯ ತೋಟವೊಂದರ ಸಾಹುಕಾರರು ತಮ್ಮ ಹಳೆಯ ಜರ್ಮನ್ ಎಸ್‌ಯುವಿಯನ್ನು ನನ್ನ ಶೆಡ್ಡಿಗೆ ತಂದರು. ಅದರಲ್ಲಿರುವುದು ಏರ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗಿನ ಬದಲು ಕಂಪ್ರೆಸರ್ ಗಾಳಿ ತುಂಬುವ ರಬ್ಬರ್ ಬಲೂನುಗಳು ಗಾಡಿಯನ್ನು ಹೊರುತ್ತವೆ. ಮುಂದಿನ ಎಡಮೂಲೆ ಕಣ್ಣಿಗೆ ಕಾಣುವಷ್ಟು ತಗ್ಗಿತ್ತು. ಅದಕ್ಕಾಗಿ ಅವರು ಆಗಲೇ ಆ ಮೂಲೆಯ ಏರ್ ಸ್ಟ್ರಟ್ಟಿಗೆ (ಬಲೂನ್ ಕೂಡಿದ ಶಾಕ್ ಅಬ್ಸಾರ್ಬರ್) ಎಪ್ಪತ್ತು ಸಾವಿರದಷ್ಟು, ಸುಟ್ಟುಹೋದ ಕಂಪ್ರೆಸರ್‌ಗೆ ಮೂವತ್ತು ಸಾವಿರದಷ್ಟು ಸುರಿದಿದ್ದರು. "ಪೇಟೆಯ ದೊಡ್ಡ ವರ್ಕ್‌ಶಾಪಿನವರಿಗೇ ಆಗದ್ದು ನಿಮ್ಮಿಂದ ಆಗುತ್ತದೆಯೇ?" ಎಂದು ನೇರವಾಗಿಯೇ ಕೇಳಿದರು. ಎರಡು ವಾರ ಬಿಟ್ಟುಹೋಗಿ ಎಂದೆ.

ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿದರೆ ನಾಲ್ಕೂ ಮೂಲೆಗಳು ಸರಿಯಾದ ಎತ್ತರದಲ್ಲಿವೆ ಎಂದೇ ತೋರಿಸುತ್ತಿತ್ತು. ಹಿಂದಿನವರು ಪರದೆಯನ್ನು ನಂಬಿ ಕೆಟ್ಟಿದ್ದರು. ನಾನು ಅಳತೆಯ ಟೇಪನ್ನು ನಂಬಿದೆ. ಆದರೆ ಟೇಪಿಗೂ ಸಮನಾದ ನೆಲ ಬೇಕು. ನನ್ನ ಶೆಡ್ಡಿನ ನೆಲದಲ್ಲಿ ಎರಡು ಸೆಂಟಿಮೀಟರಿನಷ್ಟು ಏರುಪೇರಿದೆ, ತೋಟದ ಕಣದ ತುಂಬ ಕಾಫಿ ಹರಡಿತ್ತು. ಕೊನೆಗೆ ಗಾರೆ ಕೆಲಸದವರ ನೀರಿನ ಟ್ಯೂಬ್ ತಂದು ಲೆವೆಲ್ ನೋಡಿ, ಚಕ್ರಗಳ ಕೆಳಗೆ ಪ್ಲೈವುಡ್ ತುಂಡುಗಳನ್ನು ಕೊಟ್ಟು ನಾಲ್ಕನ್ನೂ ಒಂದೇ ಮಟ್ಟಕ್ಕೆ ತಂದೆ. ಟೈರಿನ ಗಾಳಿ ಲೆಕ್ಕ ಕೆಡಿಸದಂತೆ ಚಕ್ರದ ನಡುಬಿಂದುವಿನಿಂದ ಫೆಂಡರಿನ ಅಂಚಿನವರೆಗೆ ಅಳೆದೆ. ಇರಬೇಕಾದ ಎತ್ತರಕ್ಕಿಂತ ಎಡ ಮುಂದಿನದು 28 ಮಿಲಿಮೀಟರ್, ಬಲ ಮುಂದಿನದು 6, ಎಡ ಹಿಂದಿನದು 7 ಕಡಿಮೆ ಇತ್ತು. ಬಲ ಹಿಂದಿನದು ಮಾತ್ರ 15 ಹೆಚ್ಚಿತ್ತು. ಬಾಡಿ ಗಟ್ಟಿ ಪೆಟ್ಟಿಗೆಯಾದ್ದರಿಂದ ಎರಡು ಕರ್ಣಗಳ (ಓರೆಯಾಗಿ ಎದುರುಬದುರಿನ ಮೂಲೆಗಳ) ಹೆಚ್ಚುಕಡಿಮೆಯ ಮೊತ್ತ ಒಂದೇ ಬರಬೇಕು. ಇಲ್ಲಿ ಎರಡೂ ಕಡೆ 13 ಕಡಿಮೆ ಬಂತು. ಹಾಗೆ ಬಾರದಿದ್ದರೆ ನೆಲವನ್ನೋ ಟೇಪನ್ನೋ ಮೊದಲು ಅನುಮಾನಿಸುವುದು ಒಳ್ಳೆಯದು.

ತಗ್ಗಿದ ಮೂಲೆಯನ್ನು ಎಲ್ಲರೂ ನೋಡಿದ್ದರು, ಎದ್ದ ಮೂಲೆಯನ್ನು ಯಾರೂ ಅಳೆದಿರಲಿಲ್ಲ. ಬಲ ಹಿಂದಿನ ಹೈಟ್ ಸೆನ್ಸರನ್ನು (ಮೂಲೆಯ ಎತ್ತರ ಅಳೆಯುವ ಸಾಧನ) ಚಕ್ರದ ತೋಳಿಗೆ ಜೋಡಿಸುವ ಲಿಂಕ್ ರಾಡ್ ತೋಟದ ದಾರಿಯ ಕಲ್ಲಿಗೆ ತಾಗಿ ಕಿರುಬೆರಳ ಉಗುರಿನಷ್ಟು ಬಾಗಿತ್ತು. ಮೇಲೆ ಒಣಗಿದ ಕೆಮ್ಮಣ್ಣು ಮೆತ್ತಿಕೊಂಡಿದ್ದರಿಂದ ಕೈಯಿಂದ ಸವರಿದಾಗಲೇ ಅದು ಗೊತ್ತಾದದ್ದು. ಆ ಮೂಲೆ ತಗ್ಗಿದೆ ಎಂದು ಸೆನ್ಸರ್ ಸುಳ್ಳು ಹೇಳುತ್ತಿತ್ತು, ಇಸಿಯು (ಸಸ್ಪೆನ್ಷನ್ ನಡೆಸುವ ಕಂಪ್ಯೂಟರ್) ಅಲ್ಲಿಗೆ ಗಾಳಿ ತುಂಬುತ್ತಿತ್ತು, ಕರ್ಣದ ಎದುರಿನ ಎಡ ಮುಂಭಾಗ ತಗ್ಗುತ್ತಿತ್ತು, ಅದನ್ನು ಎತ್ತಲು ಹೋಗಿ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟಿತ್ತು. ಸ್ಟ್ರಟ್ ಬದಲಿಸಿದವರು ಗಾಡಿ ಓರೆಯಾಗಿ ನಿಂತ ಸ್ಥಿತಿಯನ್ನೇ ಸರಿಯಾದ ಎತ್ತರವೆಂದು ಕ್ಯಾಲಿಬ್ರೇಟ್ ಮಾಡಿ ಆ ಓರೆಯನ್ನು ಖಾಯಂ ಮಾಡಿದ್ದರು. ಪರದೆ ಎಲ್ಲ ಸರಿ ಎಂದದ್ದು ಅದಕ್ಕೇ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನಗೂ ಅವಮಾನವಾಗುತ್ತಿತ್ತು, ಏಕೆಂದರೆ ಗಾಡಿ ರಾತ್ರಿಯಲ್ಲಿ ಬೇರೆಯೇ ರೀತಿ ಕುಸಿಯುತ್ತಿತ್ತು. ಎಂಜಿನ್ ಓಡುವಾಗಿನ ಓರೆ ಸೆನ್ಸರಿನದು, ನಿಂತಾಗಿನ ಕುಸಿತ ಗಾಳಿಯದು, ಎರಡನ್ನೂ ಬೆರೆಸಬಾರದು. ಮೊದಲ ರಾತ್ರಿ ಕಂಪ್ರೆಸರ್ ರಿಲೇ (ಅದನ್ನು ಚಾಲೂ ಮಾಡುವ ಸ್ವಿಚ್) ಮಾತ್ರ ಕಿತ್ತಿಟ್ಟು ಮಲಗಿದೆ. ಬೆಳಿಗ್ಗೆ ನಾಲ್ಕೂ ಮೂಲೆಗಳು ಒಂದೇ ಸಮ ಇಳಿದಿದ್ದವು. ನಾಲ್ಕೂ ಬಲೂನ್ ಸೋರುತ್ತಿವೆ ಎಂದು ಒಂದು ದಿನ ಹಾಳುಮಾಡಿಕೊಂಡೆ. ಆದರೆ ಇಂಥ ಕೆಲವು ಗಾಡಿಗಳಲ್ಲಿ ಇಸಿಯು ನಡುರಾತ್ರಿ ತಾನಾಗಿ ಎಚ್ಚರಗೊಂಡು, ಅತಿ ತಗ್ಗಿದ ಮೂಲೆಯ ಮಟ್ಟಕ್ಕೆ ಉಳಿದವುಗಳ ಗಾಳಿಯನ್ನೂ ಬಿಡುತ್ತದೆ. ಮರುದಿನ ಇಸಿಯುವಿನ ಫ್ಯೂಸನ್ನೇ ತೆಗೆದೆ. ಹತ್ತು ಗಂಟೆಯಲ್ಲಿ ಎಡ ಹಿಂಭಾಗ 22, ಅದರ ಅಕ್ಕಪಕ್ಕದ ಮೂಲೆಗಳು 12, 13, ಕರ್ಣದ ಬಲ ಮುಂಭಾಗ ಬರೀ 3 ಮಿಲಿಮೀಟರ್ ಇಳಿದಿದ್ದವು. ಜನವರಿಯ ಚಳಿಗೆ ಗಾಳಿ ಕುಗ್ಗಿ ಏರ್ ಸಸ್ಪೆನ್ಷನ್ ಇರುವ ಯಾವ ಗಾಡಿಯಾದರೂ ಬೆಳಗಾಗುವಷ್ಟರಲ್ಲಿ ಕೆಲವು ಮಿಲಿಮೀಟರ್ ಇಳಿಯುತ್ತದೆ, ಹಾಗಾಗಿ ಮೂಲೆಗಳ ನಡುವಿನ ವ್ಯತ್ಯಾಸವನ್ನಷ್ಟೇ ನೋಡಬೇಕು.

ಎಡ ಹಿಂಭಾಗದ ಈ ಸೋರಿಕೆ ಬಲೂನಿನಲ್ಲಿರಲಿಲ್ಲ, ವಾಲ್ವ್ ಬ್ಲಾಕಿಗೆ (ಗಾಳಿಯನ್ನು ಮೂಲೆಗಳಿಗೆ ಹಂಚುವ ಭಾಗ) ಪೈಪ್ ಸೇರುವಲ್ಲಿತ್ತು. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಏನೂ ಕಾಣಲಿಲ್ಲ. ಅಮ್ಮ ಒಲೆಯ ಬಳಿ ಇಟ್ಟಿದ್ದ ಅಂಟುವಾಳವನ್ನು ನೆನೆಸಿ ಅದರ ನೊರೆ ಹಚ್ಚಿದೆ. ಹತ್ತು ಸೆಕೆಂಡಿಗೊಮ್ಮೆ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಆಮೇಲೆ ಶೀಗೆಕಾಯಿಯನ್ನೂ ಪ್ರಯೋಗಿಸಿದೆ, ಅದರಿಂದ ಪ್ರಯೋಜನವಿಲ್ಲ. ಪೈಪಿನ ತುದಿಯನ್ನು ಸೆಂಟಿಮೀಟರಿನಷ್ಟು ನೇರವಾಗಿ ಕತ್ತರಿಸಿ ಹೊಸ ಫಿಟ್ಟಿಂಗ್ ಹಾಕಿದೆ. ಹಳೆಯ ಬ್ಲಾಕಿನಲ್ಲಿ ಅದು ಮತ್ತೆ ಸೋರದಂತೆ ಹೇಗೆ ಕೂರಿಸುತ್ತೇನೆ ಎಂಬುದನ್ನು ಮಾತ್ರ ಬರೆಯಲಾರೆ, ಅದು ನನ್ನ ಅನ್ನ.

ಲಿಂಕ್ ರಾಡಿಗೆ ಸಾವಿರದ ಎಂಟುನೂರು, ಫಿಟ್ಟಿಂಗಿಗೆ ಮುನ್ನೂರು, ನನ್ನ ಕೂಲಿ ಒಂಬತ್ತು ಸಾವಿರ. ಸಾಹುಕಾರರು ಚೌಕಾಸಿ ಮಾಡಲಿಲ್ಲ. ಪ್ಲೈವುಡ್ಡಿನ ಮೇಲೆ ನಿಲ್ಲಿಸಿಯೇ ಮತ್ತೆ ಕ್ಯಾಲಿಬ್ರೇಟ್ ಮಾಡಿ ಕಳಿಸಿದೆ. ಈ ಸಲದ ಮಳೆಗಾಲ ಕಳೆದ ಮೇಲೆ ಅಳೆದರೂ ನಾಲ್ಕು ಮೂಲೆಗಳ ವ್ಯತ್ಯಾಸ 4 ಮಿಲಿಮೀಟರ್ ದಾಟಿರಲಿಲ್ಲ. ಬಿಸಾಡಲೆಂದು ಡಿಕ್ಕಿಯಲ್ಲೇ ಬಿಟ್ಟಿದ್ದ ಹಳೆಯ ಸ್ಟ್ರಟ್ಟನ್ನು ನಾನು ಕೇಳಿ ಪಡೆದೆ. ಸ್ವಲ್ಪ ಗಾಳಿ ತುಂಬಿ ಒಂದು ವಾರ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟಿದ್ದೆ. ಒಂದು ಗುಳ್ಳೆಯೂ ಬರಲಿಲ್ಲ.