ಬ್ಯಾಂಡ್ ಬಿಸಾಕದೆ ನಿದ್ದೆಯ ಲೆಕ್ಕ ಸರಿ ಮಾಡಿಕೊಂಡಿದ್ದು ಹೀಗೆ

ಸತತ 19 ರಾತ್ರಿ ಆಯಿತು. ಮಣಿಕಟ್ಟಿಗೆ ಕಟ್ಟುವ ನನ್ನ ಫಿಟ್‌ನೆಸ್ ಬ್ಯಾಂಡ್ ತೋರಿಸುವ ನಿದ್ದೆಗೂ ನಾನು ನೋಟ್‌ಬುಕ್‌ನಲ್ಲಿ ಬರೆದಿಡುವ ನಿದ್ದೆಗೂ ಹೆಚ್ಚೆಂದರೆ 10-15 ನಿಮಿಷದ ವ್ಯತ್ಯಾಸ. "ಮಣಿಕಟ್ಟಿನ ಮೇಲೆ ನಿದ್ದೆ ಅಳೆಯೋಕಾಗಲ್ಲ, ಅದನ್ನ ಬಿಟ್ಟು ನಿದ್ದೆ ಅಳೆಯೋ ಉಂಗುರ ತಗೋ" ಅಂದವರಿಗೆಲ್ಲ ಆ ನೋಟ್‌ಬುಕ್ ತೋರಿಸಿದ್ದೇನೆ. ಬ್ಯಾಂಡ್ ಹಳೆಯದೇ. ನನಗೆ ನಿಜಕ್ಕೂ ಖುಷಿಯಾಗಿದೆ.

ಮೊದಲು ಹೇಗಿತ್ತು ಅಂದರೆ, ಕೆಲವು ಬೆಳಿಗ್ಗೆ ಡೇಟಾನೇ ಇರುತ್ತಿರಲಿಲ್ಲ. ಕೆಲವು ದಿನ ಡೀಪ್ (ಗಾಢ), ಲೈಟ್ (ಹಗುರ), ಆರ್‌ಇಎಂ (ಕನಸು ಹೆಚ್ಚು ಬೀಳುವ) ಅನ್ನುವ ನಿದ್ದೆಯ ಹಂತಗಳು ಏನೂ ಇಲ್ಲದೆ ಒಂದೇ ಬಣ್ಣದ ಉದ್ದ ಪಟ್ಟಿ. ಒಮ್ಮೆ 13 ಗಂಟೆ ಮಲಗಿದ್ದೇನೆ ಅಂತ ತೋರಿಸಿತ್ತು. ಎಲ್ಲಕ್ಕಿಂತ ಜಾಸ್ತಿ ತಲೆ ತಿಂದಿದ್ದು ರಾತ್ರಿ ಎರಡರ ಸುಮಾರಿಗೆ ಬೀಳುತ್ತಿದ್ದ ಕಡಿತ. ಒಂದು ಗಂಟೆ ಖಾಲಿ, ಆಮೇಲೆ ಹೊಸ ನಿದ್ದೆ ಶುರು. ನಾನೋ, ಆ ಹೊತ್ತಿನಲ್ಲಿ ಎದ್ದದ್ದೇ ಇಲ್ಲ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಫ್ಯಾಕ್ಟರಿ ರೀಸೆಟ್ ಹೊಡೆದೆ. ಸಿಂಕ್ ಆಗದೆ ಉಳಿದಿದ್ದ ಒಂದು ವಾರದ ಡೇಟಾ ಹೋಯಿತು, ತೊಂದರೆ ಹಾಗೇ ಉಳಿಯಿತು. ಮೂರು ಸ್ಟ್ರಾಪ್ ಕೊಂಡೆ. ಒಂದು ಮ್ಯಾಗ್ನೆಟ್ಟಿನದು, ಮಲಗಿದಾಗ ಜಾರುತ್ತಿತ್ತು. ಆಮೇಲೆ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ. ಈ ದುಡ್ಡಿನ ಬಗ್ಗೆ ನನಗೆ ಈಗಲೂ ಬೇಸರವಿದೆ. ಆ ಆ್ಯಪ್ ಹೊಸದಾಗಿ ಏನನ್ನೂ ಅಳೆಯುವುದಿಲ್ಲ, ಬ್ಯಾಂಡ್ ಕೊಟ್ಟ ಅದೇ ಡೇಟಾವನ್ನು ಚೆಂದದ ಬಣ್ಣದಲ್ಲಿ ಬಿಡಿಸಿ ಕೊಡುತ್ತದೆ. ಎಲ್ಲ ಸೇರಿಸಿದರೆ ಬ್ಯಾಂಡಿನ ಅರ್ಧ ಬೆಲೆಗಿಂತ ಜಾಸ್ತಿ ಹೋಗಿದೆ. ಒಳಗೆ ಬರುವ ಸಿಗ್ನಲ್ ಕೆಟ್ಟಿದ್ದರೆ ಯಾವ ಆ್ಯಪ್ ಏನು ಮಾಡೀತು?

ಆಮೇಲೆ ದುಡ್ಡು ಹಾಕುವುದು ನಿಲ್ಲಿಸಿ ನೋಟ್‌ಬುಕ್ ಹಿಡಿದೆ. ಮಲಗಿದ ಸಮಯ, ಎದ್ದ ಸಮಯ, ಮಲಗುವಾಗ ಬ್ಯಾಟರಿ ಎಷ್ಟಿತ್ತು, ಯಾವ ಮಗ್ಗುಲು. ಇಷ್ಟೇ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಕಡಿಮೆ ಅಂದರೂ ಮೂರು ರಾತ್ರಿ ನೋಡುವುದು.

ಬ್ಯಾಟರಿ ಬರೆದಿಟ್ಟಿದ್ದು ಮೊದಲು ಕೆಲಸಕ್ಕೆ ಬಂತು. ಒಂದೇ ಬಣ್ಣದ ಪಟ್ಟಿ ಬಂದ ರಾತ್ರಿಗಳಲ್ಲೆಲ್ಲ ಚಾರ್ಜ್ ಶೇ. 20ಕ್ಕಿಂತ ಕೆಳಗಿತ್ತು. ಅಲ್ಲಿಗೆ ಇಳಿದ ಕೂಡಲೇ ನನ್ನ ಬ್ಯಾಂಡ್ ಸದ್ದಿಲ್ಲದೆ ಪವರ್ ಸೇವಿಂಗ್‌ಗೆ ಹೋಗಿ ಹಾರ್ಟ್‌ ರೇಟ್ ಅಳೆಯುವುದನ್ನು ನಿಲ್ಲಿಸುತ್ತದೆ. ಆಗ ಉಳಿಯುವುದು ಕೈಯ ಅಲುಗಾಟದ ಲೆಕ್ಕ ಮಾತ್ರ, ಅದರಿಂದ ಹಂತಗಳು ಹೇಗೆ ಬರಬೇಕು? ಈಗ ಸಂಜೆ ಸ್ನಾನಕ್ಕೆ ಹೋಗುವಾಗ ಚಾರ್ಜ್‌ಗೆ ಹಾಕುತ್ತೇನೆ. ಹಾರ್ಟ್‌ ರೇಟ್ 10 ನಿಮಿಷಕ್ಕೊಮ್ಮೆ ಇದ್ದದ್ದನ್ನು ನಿರಂತರಕ್ಕೆ ಬದಲಿಸಿದೆ. 9 ದಿನ ಬರುತ್ತಿದ್ದ ಬ್ಯಾಟರಿ ನಾಲ್ಕಕ್ಕೆ ಇಳಿಯಿತು. ಪರವಾಗಿಲ್ಲ.

ರಾತ್ರಿ ಎರಡರ ಕಡಿತ ಮಾತ್ರ ಜಗ್ಗಲಿಲ್ಲ. ಒಂದು ರಾತ್ರಿ ಅಲಾರಂ ಇಟ್ಟುಕೊಂಡು ಎರಡಕ್ಕೆ ಎದ್ದೆ. ಅಲುಗಾಡದೆ ಕಣ್ಣಷ್ಟೇ ಬಿಟ್ಟು ನೋಡಿದೆ. ಎಡಮಗ್ಗುಲಾಗಿದ್ದೆ, ಕೈ ದಿಂಬಿನ ಕೆಳಗೆ ಮಡಚಿಕೊಂಡಿತ್ತು. ಆ ಕತ್ತಲಲ್ಲಿ ದಿಂಬಿನ ಬಟ್ಟೆಯ ಮೇಲೆ ಉಗುರಿನಷ್ಟು ಅಗಲದ ಹಸಿರು ಬೆಳಕು ಮಿಣುಕುತ್ತಿತ್ತು. ನಾಡಿ ಅಳೆಯಲು ಬ್ಯಾಂಡ್ ಚರ್ಮದೊಳಗೆ ಬಿಡುವ ಬೆಳಕು ಹೊರಗೆ ಸೋರುತ್ತಿತ್ತು! ಮಣಿಕಟ್ಟು ಮಡಚಿದಾಗ ಮೂಳೆ ಬ್ಯಾಂಡನ್ನು ಒಂದು ಕಡೆ ಎತ್ತಿ ಹಿಡಿದಿತ್ತು. ಅಷ್ಟೇ ಸಂದು, ನಾಡಿ ಸಿಗುತ್ತಿರಲಿಲ್ಲ.

ಬ್ಯಾಂಡನ್ನು ಮೂಳೆಯಿಂದ ಎರಡು ಬೆರಳು ಮೇಲಕ್ಕೆ ಸರಿಸಿದೆ. ಬಿಗಿ ಮಾಡಿಯೂ ನೋಡಿದ್ದೆ, ಬೆಳಿಗ್ಗೆ ಚರ್ಮದ ಮೇಲೆ ಕೆಂಪು ಗೆರೆ, ತುರಿಕೆ. ಅತಿ ಬಿಗಿಯಾದರೂ ರಕ್ತದ ಓಟಕ್ಕೆ ಅಡ್ಡಿ. ರಂಧ್ರದ ಸ್ಟ್ರಾಪ್‌ನಲ್ಲಿ ಒಂದು ರಂಧ್ರ ಸಡಿಲ, ಮುಂದಿನದು ಬಿಗಿ. ಡ್ರಾಯರ್‌ನಲ್ಲಿ ಬಿದ್ದಿದ್ದ ವೆಲ್ಕ್ರೋ ಸ್ಟ್ರಾಪ್ ಇಲ್ಲಿ ಕೈ ಹಿಡಿಯಿತು, ಆ ಮೂರರಲ್ಲಿ ಒಂದರ ದುಡ್ಡಾದರೂ ದಕ್ಕಿತು. ಮಲಗುವ ಮುಂಚೆ ದೀಪ ಆರಿಸಿ, ಮಣಿಕಟ್ಟನ್ನು ನಾಲ್ಕೂ ಕಡೆ ಮಡಚಿ, ಅಂಚಿನಲ್ಲಿ ಹಸಿರು ಕಾಣುತ್ತದಾ ಅಂತ ನೋಡಿ. ಕಂಡರೆ ಆ ರಾತ್ರಿಯ ಲೆಕ್ಕ ನಂಬಬೇಡಿ.

13 ಗಂಟೆಯ ರಹಸ್ಯ ಸುಲಭದ್ದು. ಫೋನಿನಲ್ಲಿ ಎರಡು ಆ್ಯಪ್ ಒಂದೇ ಜಾಗಕ್ಕೆ ನಿದ್ದೆ ಬರೆಯುತ್ತಿದ್ದವು, ಲೆಕ್ಕ ಎರಡೆರಡು ಸಲ ಸೇರುತ್ತಿತ್ತು. ಒಂದರ ಅನುಮತಿ ತೆಗೆದೆ. ಡೇಟಾ ಕಾಣೆಯಾಗುತ್ತಿದ್ದದ್ದು ಫೋನ್ ಬ್ಯಾಂಡಿನ ಆ್ಯಪನ್ನು ಬ್ಯಾಕ್‌ಗ್ರೌಂಡ್‌ನಲ್ಲೇ ಮುಚ್ಚಿಬಿಡುತ್ತಿದ್ದರಿಂದ. ಬ್ಯಾಟರಿ ಉಳಿಸಲು ಹೀಗೆ ಆ್ಯಪ್ ಮುಚ್ಚುವ ಫೋನ್ ಸೆಟ್ಟಿಂಗ್, ಅಂದರೆ ಬ್ಯಾಟರಿ ಆಪ್ಟಿಮೈಸೇಶನ್‌ನಿಂದ ಅದನ್ನು ಹೊರಗಿಟ್ಟೆ, ಮುಗಿಯಿತು.

ನಡುವೆ ಸುಮ್ನೆ ಒಂದೆರಡು ಪ್ರಯೋಗವನ್ನೂ ಮಾಡಿದೆ. ಸುತ್ತಿದ ಟವೆಲ್‌ಗೆ ಬ್ಯಾಂಡ್ ಕಟ್ಟಿದರೆ ಅದಕ್ಕೂ ಹಾರ್ಟ್‌ ರೇಟ್ ಬಂತು, 70ರ ಆಸುಪಾಸು. ವಾಪಸ್ ಬರುವ ಬೆಳಕಿನ ಏರಿಳಿತದಲ್ಲಿ ಅದು ಹೇಗೋ ಒಂದು ಲಯ ಹುಡುಕಿಕೊಳ್ಳುತ್ತದೆ. ಇನ್ನೊಂದು, ಸ್ನೇಹಿತನ ಬ್ಯಾಂಡ್ ಬಲಗೈಗೆ, ನನ್ನದು ಎಡಗೈಗೆ ಕಟ್ಟಿ ನಾಲ್ಕು ರಾತ್ರಿ ಮಲಗಿದೆ. ಒಟ್ಟು ನಿದ್ದೆ ಹೆಚ್ಚುಕಡಿಮೆ ಒಂದೇ ಬಂತು, 20 ನಿಮಿಷ ಆಚೀಚೆ. ಡೀಪ್ ಮಾತ್ರ ಒಂದರಲ್ಲಿ ಇನ್ನೊಂದರ ಎರಡರಷ್ಟು! ಅಂದಿನಿಂದ ಡೀಪ್ ಅಂಕಿಯ ಹಿಂದೆ ಬೀಳುವುದು ಬಿಟ್ಟೆ. ಲ್ಯಾಬಿನಲ್ಲಿ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಮೆದುಳಿನ ಅಲೆಗಳನ್ನು 30 ಸೆಕೆಂಡಿನ ತುಂಡು ಮಾಡಿ ಓದುತ್ತಾರೆ. ಮಣಿಕಟ್ಟಿನಲ್ಲಿ ಸಿಗುವುದು ನಾಡಿ ಮತ್ತು ಅಲುಗಾಟ, ಉಳಿದದ್ದು ಅಂದಾಜು. ಹಾಗಾಗಿ ನಾನು ನೋಡುವುದು ಒಟ್ಟು ಸಮಯ ಮತ್ತು ಎಚ್ಚರವಾದ ಹೊತ್ತು, ಇವೆರಡೇ.

ರಾತ್ರಿ ಎಚ್ಚರವಾದಾಗ ಫೋನ್ ಮುಟ್ಟದೆ, ಗ್ರಾಫಿನಲ್ಲೇ ಆ ಕ್ಷಣಕ್ಕೆ ಗುರುತು ಬೀಳಿಸುವ ಒಂದು ಉಪಾಯವೂ ಸಿಕ್ಕಿದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ, ಇನ್ನೂ ಒಂದು ತಿಂಗಳು ಪರೀಕ್ಷಿಸಬೇಕು. ಅಲುಗಾಡದೆ ಮಲಗಿ ಸಿನಿಮಾ ನೋಡಿದರೆ ಈಗಲೂ ಅದನ್ನು 40 ನಿಮಿಷ ನಿದ್ದೆ ಅಂತ ಸೇರಿಸುತ್ತದೆ. ಅದಕ್ಕೆ ದಾರಿ ಸಿಕ್ಕಿಲ್ಲ. ನೋಡುವಾಗ ಕೂತೇ ನೋಡುತ್ತೇನೆ.