ಜ್ವರವಿಲ್ಲ, ಮೇವು ಬಿಟ್ಟಿಲ್ಲ, ಆದರೂ ಹಸು ಗೊರಕೆ ಹೊಡೆಯುತ್ತಿದೆ: ಸದ್ದಿನ ಮೂಲ ಹುಡುಕುವುದು ಹೇಗೆ

ಹಸು ಮೇಯುತ್ತದೆ, ಮೆಲುಕು ಹಾಕುತ್ತದೆ, ಹಾಲೂ ಅಷ್ಟಾಗಿ ಇಳಿದಿಲ್ಲ. ಉಸಿರಾಡುವಾಗ ಮಾತ್ರ ಗೊರಗೊರ ಸದ್ದು, ರಾತ್ರಿ ಕೊಟ್ಟಿಗೆಯಿಂದ ಮನೆಯೊಳಕ್ಕೂ ಕೇಳುವಷ್ಟು. ಇಂಥ ದನಕ್ಕೆ ಸಾಮಾನ್ಯವಾಗಿ ಸಿಗುವುದು ಎರಡೇ: ಒಂದೋ ‘ಶೀತ ಆಗಿದೆ’ ಎಂದು ಆಂಟಿಬಯೋಟಿಕ್ ಇಂಜೆಕ್ಷನ್, ಇಲ್ಲವೇ ಮೂಗಿಗೆ ಬೇವಿನೆಣ್ಣೆ. ತಿಂಗಳುಗಟ್ಟಲೆ ಎಳೆಯುವ ಗೊರಕೆಗೆ ಇವೆರಡರಿಂದಲೂ ಉಪಯೋಗ ಕಡಿಮೆ. ಗಾಳಿ ಹೋಗುವ ದಾರಿಯಲ್ಲಿ ಏನೋ ಅಡ್ಡ ಕೂತಿದೆ. ಅದು ಎಲ್ಲಿ ಕೂತಿದೆ ಎಂದು ಮೊದಲು ತಿಳಿಯಬೇಕು.

ಸಹಜ ಸದ್ದನ್ನು ಮೊದಲು ಬೇರೆ ಮಾಡಿ. ತುಂಬು ಗಬ್ಬದ ಹಸು ಅಥವಾ ಹೊಟ್ಟೆಬಿರಿಯ ತಿಂದು ಮಲಗಿದ ಎಮ್ಮೆ ಉಸಿರು ಬಿಡುವಾಗ ನರಳಿದ ಹಾಗೆ ಸದ್ದು ಮಾಡುತ್ತದೆ. ಎಬ್ಬಿಸಿ ಐದು ನಿಮಿಷ ನಿಲ್ಲಿಸಿದರೆ ಅದು ನಿಂತುಹೋಗುತ್ತದೆ. ನಿಂತಾಗಲೂ ಉಳಿಯುವ ಸದ್ದು ನಮ್ಮ ವಿಷಯ.

ಆಮೇಲೆ ಥರ್ಮಾಮೀಟರ್. ಗುದದ್ವಾರದಲ್ಲಿ ಎರಡು ನಿಮಿಷ, ತುದಿ ಸಗಣಿಯಲ್ಲಿ ಹೂತುಕೊಳ್ಳದೆ ಒಳಗೋಡೆಗೆ ತಾಗಿರಲಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸರಿಯಾದ ಮಟ್ಟ. 104 ದಾಟಿದ್ದು, ಗಂಟಲ ಕೆಳಗೆ ಬಿಸಿಯಾದ ಬಾವು, ಜೊಲ್ಲು, ಚಾಚಿದ ಕತ್ತು ಇದ್ದರೆ ಅದು ಗಳಲೆ ರೋಗವಿರಬಹುದು. ಮಳೆಗಾಲದಲ್ಲಿ, ಅದರಲ್ಲೂ ಎಮ್ಮೆಗಳಲ್ಲಿ, ಒಂದೇ ದಿನದಲ್ಲಿ ಪ್ರಾಣ ಹೋಗುತ್ತದೆ. ಈ ಬರಹವನ್ನು ಪಕ್ಕಕ್ಕಿಟ್ಟು ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಸದ್ದು ಮಾಡುವ ಯಾವ ದನಕ್ಕೂ ಗೊಟ್ಟದಲ್ಲಿ ಕಷಾಯವನ್ನಾಗಲಿ ಎಣ್ಣೆಯನ್ನಾಗಲಿ ಹಾಕಬೇಡಿ. ಅದು ಶ್ವಾಸನಾಳಕ್ಕೆ ಇಳಿದರೆ ಇಲ್ಲದ ನ್ಯುಮೋನಿಯಾ ಬರುತ್ತದೆ.

ಸದ್ದು ಎಲ್ಲಿಂದ?

ಬೆಳಗಿನ ತಂಪಿನಲ್ಲಿ, ನೊಣ ಕಾಡದ ಹೊತ್ತಿನಲ್ಲಿ ನೋಡಿ. ಒಣ ಸ್ಟೀಲ್ ತಟ್ಟೆಯೊಂದನ್ನು ಮೂಗಿನ ಹೊಳ್ಳೆಗಳ ಕೆಳಗೆ ಅಡ್ಡವಾಗಿ ಹಿಡಿದರೆ ಎರಡು ಕಡೆ ಮಂಜು ಕೂರುತ್ತದೆ. ಒಂದು ಮಚ್ಚೆ ಅಂಗೈಯಗಲ, ಇನ್ನೊಂದು ನಾಣ್ಯದಗಲ ಇದ್ದರೆ ಆ ಚಿಕ್ಕ ಕಡೆಯ ಹೊಳ್ಳೆ ಕಟ್ಟಿದೆ. ಬಳಿಕ ಒಬ್ಬರು ತಲೆ ಹಿಡಿದಿರುವಾಗ ಒಂದು ಹೊಳ್ಳೆಯನ್ನು ಅಂಗೈಯಿಂದ ಎರಡು ಮೂರು ಉಸಿರಿನಷ್ಟು ಹೊತ್ತು ಮಾತ್ರ ಮುಚ್ಚಿ. ಸದ್ದು ನಿಂತರೆ ಅದು ಬರುತ್ತಿದ್ದುದು ಆ ಕಡೆಯಿಂದ. ಮುಚ್ಚಿದೊಡನೆ ದನ ಒದ್ದಾಡಿದರೆ ಇನ್ನೊಂದು ಕಡೆ ಪೂರ್ತಿ ಕಟ್ಟಿದೆ ಎಂದರ್ಥ. ತಕ್ಷಣ ಕೈ ತೆಗೆಯಿರಿ. ಯಾವ ಕಡೆ ಮುಚ್ಚಿದರೂ ಸದ್ದು ಹಾಗೇ ಇದ್ದರೆ ಎರಡೂ ಹೊಳ್ಳೆಗಳಲ್ಲಿ ತೊಂದರೆ ಇದೆ, ಇಲ್ಲವೇ ತೊಂದರೆ ಗಂಟಲಲ್ಲಿದೆ. ಆಗ ದವಡೆಯ ಹಿಂದೆ, ಗಂಟಲಿನ ಎರಡೂ ಪಕ್ಕ ಒತ್ತಿ ನೋಡಿ. ಅಲ್ಲಿ ಗಟ್ಟಿ ಗಡ್ಡೆ ಸಿಕ್ಕರೆ ಅದು ಕೀವುಗಡ್ಡೆಯೋ ಕ್ಷಯದಿಂದ ಊದಿದ ಗ್ರಂಥಿಯೋ ಇರಬಹುದು. ಕ್ಷಯದ ಪರೀಕ್ಷೆ ಆಗುವವರೆಗೆ ಆ ಹಾಲನ್ನು ಕಾಯಿಸದೆ ಯಾರೂ ಕುಡಿಯಬೇಡಿ. ಕರುವಿಗೆ ಗಂಟಲಲ್ಲಿ ಸದ್ದು, ಬಾಯಲ್ಲಿ ಕೊಳೆತ ವಾಸನೆ ಇದ್ದರೆ ಅದು ಗಂಟಲ ಹುಣ್ಣು. ಅಲ್ಲಿ ಮಾತ್ರ ಆಂಟಿಬಯೋಟಿಕ್ ಬೇಗ ಬೇಕು.

ಮೂಗೇ ಎಂದು ಖಚಿತವಾದ ಮೇಲೆ ಟಾರ್ಚ್ ಹಿಡಿಯಿರಿ. ಹೊಳ್ಳೆಯ ಅಂಚನ್ನು ಹೆಬ್ಬೆರಳಿನಿಂದ ಹೊರಕ್ಕೆ ಎಳೆದು ನಡುಗೋಡೆಯನ್ನು ನೋಡಿ. ಹೂಕೋಸಿನ ತುಣುಕಿನಂಥ ಒರಟು ಗಂಟುಗಳು, ಗಟ್ಟಿ ಸಿಂಬಳ, ಅದರಲ್ಲಿ ರಕ್ತದ ಎಳೆ ಕಂಡರೆ ಗೊರಕೆ ರೋಗವೆಂದೇ ಹಿಡಿದು ಮುಂದುವರಿಯಬಹುದು. ಒಂದೇ ಕಡೆ, ಕೆಂಪಗೆ, ಮೇಲೆಲ್ಲ ಬಿಳಿ ಚುಕ್ಕೆಯಿರುವ ಮೆತ್ತನೆಯ ಗಂಟಾದರೆ ಅದು ಬೇರೆ ರೋಗ. ಔಷಧಿಗೆ ಬಗ್ಗುವುದಿಲ್ಲ, ಕತ್ತರಿಸಿ ತೆಗೆಸಬೇಕು. ಮೂಗುದಾರದ ಗಾಯವನ್ನೂ ಅದರೊಳಗೆ ಹುಳು ಬಿದ್ದಿದೆಯೇ ಎಂಬುದನ್ನೂ ಇದೇ ಹೊತ್ತಿಗೆ ನೋಡಿಬಿಡಿ.

ಹಳ್ಳದ ನೀರು ಕುಡಿಯುವ ದನದಲ್ಲಿ ಜಿಗಣೆಯೂ ಮೂಗಿಗೆ ಹತ್ತಿರಬಹುದು. ತಲೆ ಒದರುತ್ತದೆ, ತಿಳಿ ರಕ್ತ ತೊಟ್ಟಿಕ್ಕುತ್ತದೆ. ಅರ್ಧ ದಿನ ನೀರು ಕೊಡದೆ ನೆರಳಲ್ಲಿ ಕಟ್ಟಿ, ಆಮೇಲೆ ಅಗಲವಾದ ಬೋಗುಣಿಯಲ್ಲಿ ತಣ್ಣೀರನ್ನು ಮೂಗಿಗೆ ತಾಗುವಂತೆ ಹಿಡಿಯಿರಿ. ನೀರಿನಾಸೆಗೆ ಜಿಗಣೆ ಹೊಳ್ಳೆಯಿಂದ ಮೈ ಚಾಚುತ್ತದೆ. ಬರಿಗೈಗೆ ಜಾರುವುದರಿಂದ ಒಣಬಟ್ಟೆಯಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ತೆಗೆದ ಮೇಲೂ ಸ್ವಲ್ಪ ಹೊತ್ತು ರಕ್ತ ಬರುತ್ತದೆ, ಗಾಬರಿ ಬೇಡ.

ಗೊರಕೆ ರೋಗ

1933ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಎಂ. ಅನಂತನಾರಾಯಣ ರಾವ್ ಈ ರೋಗದ ಹುಳುವನ್ನು ವರ್ಣಿಸಿ ಹೆಸರಿಟ್ಟರು: ಶಿಸ್ಟೋಸೋಮಾ ನೇಸಾಲೆ. ಹುಳು ಇರುವುದು ಮೂಗಿನ ರಕ್ತನಾಳದೊಳಗೆ. ಅದಿಡುವ ಮೊಟ್ಟೆಗಳ ಸುತ್ತ ಮಾಂಸ ಬೆಳೆದು ಗಂಟಾಗುತ್ತದೆ, ಗಂಟು ಗಾಳಿಗೆ ಅಡ್ಡವಾಗುತ್ತದೆ. ಮೂಗಿಗೆ ಹಾಕಿದ ಹನಿ ರಕ್ತನಾಳದೊಳಗಿನ ಹುಳುವನ್ನು ಮುಟ್ಟುವುದೇ ಇಲ್ಲ.

ಖಚಿತಪಡಿಸಲು ಸಿಂಬಳದ ಪರೀಕ್ಷೆ ಬೇಕು. ಹೊಳ್ಳೆಯ ಹೊರಗಿನ ಕೊಳೆ ಒರೆಸಿ, ಒಳಗಿನಿಂದ ಬರುವ ಗಟ್ಟಿ ಸಿಂಬಳವನ್ನು ಸುಮಾರು 5 ಎಂಎಲ್‌ನಷ್ಟು ಒಣ ಸೀಸೆಗೆ ಇಳಿಸಿ. ಹತ್ತಿಯಲ್ಲಿ ಒರೆಸಿ ಕಳಿಸಿದರೆ ಮೊಟ್ಟೆ ಹತ್ತಿಯಲ್ಲೇ ಉಳಿಯುತ್ತದೆ. ನೀರು ಬೆರೆಸಲೇಬೇಡಿ, ನೀರು ತಾಗಿದರೆ ಮೊಟ್ಟೆಯೊಡೆದು ಮರಿ ಹೊರಬಂದುಬಿಡುತ್ತದೆ. ಅದೇ ದಿನ ಆಸ್ಪತ್ರೆಗೆ ತಲುಪಿಸಿ. ಹಾಗೇ ಗಾಜಿನ ಮೇಲಿಟ್ಟು ನೋಡಿ ‘ಏನೂ ಇಲ್ಲ’ ಎಂದರೆ ಒಪ್ಪಬೇಡಿ; ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಸಿಂಬಳ ಕರಗಿಸಿ, ಸೆಂಟ್ರಿಫ್ಯೂಜ್ ಮಾಡಿ, ತಳದ ಗಸಿ ನೋಡಿದಿರಾ ಎಂದು ಕೇಳಿ. ಕುಡುಗೋಲಿನಂತೆ ಬಾಗಿ, ಒಂದು ತುದಿಯಲ್ಲಿ ಮುಳ್ಳಿರುವ ಮೊಟ್ಟೆ ಕಂಡರೆ ಸಂಶಯವೇ ಇಲ್ಲ.

ಚಿಕಿತ್ಸೆ ಪಶುವೈದ್ಯರ ಕೈಯಲ್ಲೇ ಆಗಬೇಕು. ಹಳೆಯ ದಾರಿ ಲಿಥಿಯಂ ಆಂಟಿಮನಿ ಥಯೋಮಲೇಟ್, ನರಹುಲಿಗೂ ಕೊಡುವ ಅದೇ ಇಂಜೆಕ್ಷನ್. ದೊಡ್ಡ ದನಕ್ಕೆ 15ರಿಂದ 20 ಎಂಎಲ್, ಮಾಂಸಖಂಡದ ಆಳಕ್ಕೆ, ವಾರಕ್ಕೊಮ್ಮೆಯಂತೆ ಎರಡು ಮೂರು ಬಾರಿ. ಪೂರ್ತಿ ಡೋಸನ್ನು ಒಂದೇ ಜಾಗಕ್ಕೆ ಚುಚ್ಚಿದರೆ ಊದಿ ಕುಂಟುತ್ತದೆ, ಎರಡು ಕಡೆ ಹಂಚಬೇಕು. ಆಂಟಿಮನಿ ಹೃದಯಕ್ಕೆ ಭಾರ; ಗಬ್ಬದ ಹಸುವೋ ಬಡಕಲು ದನವೋ ಆಗಿದ್ದರೆ ಮೊದಲೇ ಹೇಳಿ. ಇನ್ನೊಂದು ಔಷಧಿ ಪ್ರಾಜಿಕ್ವಾಂಟೆಲ್, ಕಿಲೋ ತೂಕಕ್ಕೆ 20ರಿಂದ 25 ಮಿಲಿಗ್ರಾಂ, ಬಾಯಿಗೆ. ದುಬಾರಿ, ಅದಕ್ಕೇ ತೂಕವನ್ನು ಕಣ್ಣಂದಾಜಿಗೆ ಬಿಡಬೇಡಿ. ಮುಂಗಾಲ ಹಿಂದೆ ಎದೆಯ ಸುತ್ತಳತೆಯನ್ನೂ ಭುಜದ ಮುಂತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆ × ಸುತ್ತಳತೆ × ಉದ್ದ, ಅದನ್ನು 660ರಿಂದ ಭಾಗಿಸಿದರೆ ಕಿಲೋ ತೂಕ. ಸುತ್ತಳತೆ 62, ಉದ್ದ 52 ಇದ್ದರೆ ಸುಮಾರು 300 ಕಿಲೋ. 20 ಮಿಲಿಗ್ರಾಂ ಲೆಕ್ಕದಲ್ಲಿ 6 ಗ್ರಾಂ ಔಷಧಿ. ಯಾವುದೇ ಔಷಧಿ ಕೊಡಿಸಿದರೂ ಎಷ್ಟು ದಿನ ಹಾಲು ಬಳಸಬಾರದು ಎಂದು ವೈದ್ಯರನ್ನು ಕೇಳಿಕೊಳ್ಳಿ. ಸಿಂಬಳ ಮೊದಲು ಇಳಿಯುತ್ತದೆ, ಗಂಟು ಕುಗ್ಗುವುದು ನಿಧಾನ. ವರ್ಷಗಟ್ಟಲೆ ಹಳೆಯ ಗಂಟು ಗಾಯದ ಕಲೆಯಂತೆ ಗಟ್ಟಿಯಾಗಿದ್ದರೆ ಹುಳು ಸತ್ತ ಮೇಲೂ ಸ್ವಲ್ಪ ಸದ್ದು ಉಳಿದೀತು. ಅದಕ್ಕಾಗಿ ಮತ್ತೆ ಮತ್ತೆ ಚುಚ್ಚಿಸಬೇಡಿ.

ಗೋಕಟ್ಟೆಯ ಕೆಲಸ

ಇಂಜೆಕ್ಷನ್‌ಗೆ ನಿಂತ ಗೊರಕೆ ಮರುವರ್ಷ ಮತ್ತೆ ಶುರುವಾದರೆ ಔಷಧಿಯನ್ನು ಬೈಯುವ ಮೊದಲು ದನ ನೀರು ಕುಡಿಯುವ ಜಾಗಕ್ಕೆ ಹೋಗಿ ನೋಡಿ. ನೀರಿಗೆ ಮೂತಿಯಿಟ್ಟಾಗ ಸಿಂಬಳದ ಮೊಟ್ಟೆ ನೀರಿಗೆ ಸೇರುತ್ತದೆ. ಮೊಟ್ಟೆಯೊಡೆದ ಮರಿ ಇಂಡೋಪ್ಲಾನೋರ್ಬಿಸ್ ಎಂಬ ಬಸವನಹುಳುವನ್ನು ಹೊಕ್ಕು, ಅದರೊಳಗೆ ಬೆಳೆದು, ಕೆಲವು ವಾರಗಳ ಮೇಲೆ ಹೊರಬಂದು ನೀರಲ್ಲಿ ನಿಂತ ದನದ ಚರ್ಮವನ್ನೇ ಕೊರೆದು ಒಳಸೇರುತ್ತದೆ. ಈ ಬಸವನಹುಳುವಿನ ಚಿಪ್ಪು ಗೋಪುರದಂತೆ ಏರುವುದಿಲ್ಲ, ಸುತ್ತಿಟ್ಟ ಹಗ್ಗದಂತೆ ಚಪ್ಪಟೆ. ದೊಡ್ಡದು ಎರಡೂವರೆ ಸೆಂಟಿಮೀಟರ್‌ವರೆಗೂ ಅಗಲ. ನೀರಲ್ಲಿ ಮುಳುಗಿದ ಎಲೆ, ಪ್ಲಾಸ್ಟಿಕ್ ಚೀಲಗಳ ಅಡಿಯಲ್ಲಿ ಲೋಳೆಯಂಥ ಮೊಟ್ಟೆಮುದ್ದೆ ಅಂಟಿಸಿರುತ್ತದೆ. ಆ ನೀರಿಗಿಳಿದವರಿಗೆ ಕಾಲು ತುರಿಸಿ ಸಣ್ಣ ಗುಳ್ಳೆ ಏಳುತ್ತಿದ್ದರೆ ಅದೂ ಒಂದು ಸುಳಿವು.

ಸಂಜೆ ಹಸಿ ತೆಂಗಿನ ಗರಿಯನ್ನು ಅಂಚಿನ ನೀರಿಗೆ ಹಾಕಿ ಬೆಳಿಗ್ಗೆ ಎತ್ತಿದರೆ ಬಸವನಹುಳುಗಳು ಅಂಟಿಕೊಂಡಿರುತ್ತವೆ. ಗ್ಲೌಸ್ ಹಾಕಿಕೊಂಡು ತೆಗೆದು, ನೀರಿನಿಂದ ದೂರ ಜಜ್ಜಿ ಹಾಕಿ. ಅಂಚಿನ ಜೊಂಡು ಕೀಳಿ, ಬಾತುಕೋಳಿ ಬಿಡಿ. ಮೈಲುತುತ್ತ ಸುರಿಯುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಮೀನೂ ಸಾಯುತ್ತದೆ. ಗೋಕಟ್ಟೆ ಬೇಸಿಗೆಯಲ್ಲಿ ಒಣಗಿತು ಎಂದೂ ನೆಮ್ಮದಿ ಬೇಡ, ಕೆಸರಿನೊಳಗೆ ಈ ಬಸವನಹುಳು ಮಳೆಗಾಗಿ ಕಾದಿರುತ್ತದೆ.

ಇದಕ್ಕಿಂತ ಗಟ್ಟಿ ದಾರಿ ದನವನ್ನು ನೀರಿಗೆ ಇಳಿಸದಿರುವುದು. ಬೋರ್‌ವೆಲ್ ನೀರನ್ನು ನೇರ ತೊಟ್ಟಿಗೆ ಬಿಡಿ. ಕೆರೆನೀರೇ ಗತಿಯಾದರೆ ಪೈಪಿನ ಬಾಯಿಗೆ ಸೊಳ್ಳೆಪರದೆ ಕಟ್ಟಿ, ತೊಟ್ಟಿ ತುಂಬಿಸಿ 48 ಗಂಟೆ ಮುಟ್ಟದೆ ಬಿಡಿ. ಬಸವನಹುಳುವಿನಿಂದ ಹೊರಬಿದ್ದ ಮರಿ ಅಷ್ಟರಲ್ಲಿ ಸಾಯುತ್ತದೆ. ನಾಲ್ಕು ದನಕ್ಕೆ, ತಲೆಗೆ 60 ಲೀಟರ್‌ನಂತೆ, 250 ಲೀಟರ್‌ನ ಮೂರು ತೊಟ್ಟಿ ಸಾಕು: ಪ್ರತಿ ಸಂಜೆ ಒಂದನ್ನು ತುಂಬಿಸುವುದು, ಎರಡು ದಿನ ನಿಂತದ್ದನ್ನು ಕುಡಿಸುವುದು.

ಚಿಕಿತ್ಸೆ ಮುಗಿದ ಒಂದು ತಿಂಗಳಿಗೆ ಮತ್ತೆ ಸಿಂಬಳ ಕೊಡಿ. ಆ ದಿನ ಕೊಟ್ಟಿಗೆಯ ಎಮ್ಮೆಗಳದ್ದನ್ನೂ ಸೇರಿಸಿ. ಎಮ್ಮೆಯ ಮೂಗಲ್ಲಿ ಹುಳುವಿದ್ದರೂ ಎಷ್ಟೋ ಸಲ ಗೊರಕೆ ಇರುವುದಿಲ್ಲ, ಮೊಟ್ಟೆ ಮಾತ್ರ ನೀರಿಗೆ ಬೀಳುತ್ತಲೇ ಇರುತ್ತದೆ.